ಫೋಟೋ ತೆಗೆದಿರಿ, ಹೆಸರು ಕೇಳಿದಿರಾ?

ಫೆಬ್ರವರಿಯ ಒಂದು ಮಧ್ಯಾಹ್ನ. ಕುರುಗೋಡಿನಿಂದ ಬಳ್ಳಾರಿಗೆ ಬೈಕ್‌ನಲ್ಲಿ ಬರುತ್ತಿದ್ದೆ. ರಸ್ತೆ ಪಕ್ಕದ ಕಣದಲ್ಲಿ ಮೆಣಸಿನಕಾಯಿ ಹರವಿದ್ದರು. ಎಂಟು-ಹತ್ತು ಹೆಣ್ಣುಮಕ್ಕಳು ಮೂಗು-ಬಾಯಿಗೆ ಸೆರಗು ಸುತ್ತಿಕೊಂಡು ಕಾಯಿ ಆರಿಸುತ್ತಿದ್ದರು. ಅಲ್ಲೇ ಒಂದು ಕಾರು ನಿಂತಿತ್ತು, ಬೆಂಗಳೂರು ಕಡೆಯ ನಂಬರ್. ಇಳಿದವರು ನಾಲ್ಕು ಜನ, ಕೊರಳಲ್ಲಿ ಕ್ಯಾಮೆರಾ. ಒಬ್ಬ ಕಣದೊಳಗೇ ಕಾಲಿಟ್ಟು ಮೊಣಕಾಲೂರಿ ಕೂತಿದ್ದ. ಒಬ್ಬಾಕೆ ಮುಖ ತಿರುಗಿಸಿದರೆ, "ಅಕ್ಕಾ, ಈ ಕಡೆ ನೋಡಬೇಡಿ, ಹಂಗೇ ಕೆಲಸ ಮಾಡ್ತಾ ಇರಿ" ಅನ್ನುತ್ತಿದ್ದ. ಹತ್ತು ನಿಮಿಷ ಆಯಿತು. ಕಾರು ಹೋಯಿತು.

ನನ್ನ ಬ್ಯಾಗಿನ ಮೇಲಿನ ಪೇಪರ್ ಹೆಸರು ನೋಡಿ ಹಿರಿಯಾಕೆಯೊಬ್ಬಳು ಕೇಳಿದಳು.

"ಯಾವ ಪೇಪರ್‌ನವರಪ್ಪಾ ಅವರು?"

"ಪೇಪರ್‌ನವರಲ್ಲಮ್ಮಾ. ಊರೂರು ತಿರುಗ್ತಾ ಫೋಟೋ ತೆಗೆಯೋರು."

"ಮತ್ತ ನಮ್ ಫೋಟೋ ಒಯ್ದು ಏನ್ ಮಾಡ್ತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೋ ಹೇಳಿ ಬೈಕ್ ಹತ್ತಿದೆ. ಆ ಪ್ರಶ್ನೆ ಮಾತ್ರ ಬಳ್ಳಾರಿ ತನಕ ಹಿಂದಿನ ಸೀಟಿನಲ್ಲಿ ಕೂತು ಬಂತು.

ಇದು ಸ್ಟ್ರೀಟ್ ಫೋಟೋಗ್ರಫಿ ಕಾಲ. ಮೊದಲು ಹಂಪಿ ನೋಡಲು ಬಂದವರು ಹಂಪಿ ನೋಡಿ ಹೋಗುತ್ತಿದ್ದರು. 2021ರಲ್ಲಿ ಹೊಸಪೇಟೆ ಕಡೆಯ ತಾಲೂಕುಗಳು ಬೇರೆಯಾಗಿ ವಿಜಯನಗರ ಜಿಲ್ಲೆ ಆಯಿತು, ಹಂಪಿ ಆ ಕಡೆ ಹೋಯಿತು. ನಮ್ಮ ಪಾಲಿಗೆ ಬಂದ ಪ್ರವಾಸಿಗಳಲ್ಲಿ ಇವರೂ ಒಂದು ಬಗೆ. ಕೋಟೆ ಗುಡ್ಡ ಹತ್ತುತ್ತಾರೆ, ಕೆಳಗಿಳಿದು ಒಗ್ಗರಣಿ-ಮಿರ್ಚಿ ತಿನ್ನುತ್ತಾರೆ, ಆಮೇಲೆ ಕೌಲ್ ಬಜಾರ್ ಗಲ್ಲಿಗಳಲ್ಲಿ ಕ್ಯಾಮೆರಾ ಹಿಡಿದು ನಡೆಯುತ್ತಾರೆ. ಅವರಿಗೆ ಬೇಕಾದ್ದು ಗುಡಿಯಲ್ಲ, ಕೋಟೆಯಲ್ಲ, 'ಜನಜೀವನ'. ಅಂದರೆ ನಾವು. ನಿಮ್ಮ ಅವ್ವ, ನನ್ನ ದೊಡ್ಡಪ್ಪ, ಆಟೋ ಸ್ಟ್ಯಾಂಡಿನ ಹುಡುಗ.

ಬರಲಿ. ಬೇಡ ಅನ್ನಲು ನಾನ್ಯಾರು? ಬೀದಿ ಎಲ್ಲರದು. ನನ್ನ ತಕರಾರು ಬೇರೆ ಇದೆ, ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಬೇರೆಯವರಿಗೆ ಹೇಳುವ ಬಾಯಿ ನನಗಿಲ್ಲ.

ನಾನು ಬಿಡಿ ವರದಿಗಾರ. ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಅಂತ ದುಡ್ಡು. ಕೆಲವು ವರ್ಷದ ಹಿಂದೆ ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಗೆ ಕಾಲುವೆ ನೀರಿನ ಸುದ್ದಿಗೆ ಹೋಗಿದ್ದೆ. ಕಾಲುವೆ ಏರಿ ಮೇಲೆ ಒಬ್ಬ ಅಮ್ಮ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು, ತಲೆ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಹೊರಟಿದ್ದಳು. ಹಿಂದೆ ಸಂಜೆ ಬಿಸಿಲು. ಚೆನ್ನಾಗಿ ಕಾಣಿಸಿತು, ತೆಗೆದೆ. ಹೆಸರು ಕೇಳಲಿಲ್ಲ. ಅವಳು ನಕ್ಕು ಮುಂದೆ ಹೋದಳು, ನಾನು ಬಸ್ಸಿಗೆ ಹೊತ್ತಾಯಿತು ಅಂತ ಹಿಂದೆ ಬಂದೆ. ಫೋಟೋ ಕಳಿಸಿದೆ. ಆ ಸುದ್ದಿಯ ಜೊತೆ ಅದು ಬರಲಿಲ್ಲ.

ಎರಡು ವರ್ಷ ಆದ ಮೇಲೆ ಬಂತು. ಮಳೆ ಕೈಕೊಟ್ಟ ವರ್ಷ ಅದು. ಗುಳೆ ಹೋಗುವವರ ಬಗ್ಗೆ ಯಾರೋ ಬರೆದ ವರದಿ, ಮಧ್ಯದಲ್ಲಿ ನನ್ನ ಫೋಟೋ. ಕೆಳಗೆ ಸಣ್ಣ ಅಕ್ಷರದಲ್ಲಿ, ಕೂಸು ಕಟ್ಟಿಕೊಂಡು ಕೂಲಿ ಅರಸಿ ಹೊರಟ ಮಹಿಳೆ ಅಂತ. ಇನ್ನೂ ಸಣ್ಣ ಅಕ್ಷರದಲ್ಲಿ 'ಸಂಗ್ರಹ ಚಿತ್ರ'. ಡೆಸ್ಕಿನಲ್ಲಿ ಕೂತವರಿಗೆ ಅವಳು ಯಾರು ಅಂತ ಗೊತ್ತಿಲ್ಲ. ಗೊತ್ತಿರಬೇಕಾದವನು ನಾನು, ನನಗೂ ಗೊತ್ತಿರಲಿಲ್ಲ. ನಾನು ಆ ದಿನ ಪುಟ ನೋಡಿ, 'ಓ, ನನ್ನ ಫೋಟೋ ಬಂದಿದೆ' ಅಂತ ಖುಷಿಪಟ್ಟು ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದೆ.

ತಿಂಗಳೊಪ್ಪತ್ತಿಗೆ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಆ ಅಮ್ಮ ನನ್ನನ್ನು ಹಿಡಿದಳು. ಜೊತೆಗೆ ಮಗ.

"ಏನಪ್ಪಾ ತಮ್ಮಾ, ನಾವು ಗುಳೆ ಹೋಗೀವಂತ ಬರ್ದೀಯಂತಲ್ಲಾ? ನಾವೆಲ್ಲಿಗೆ ಹೋಗೀವಿ? ಮೂರು ಎಕರೆ ನೆಲ್ಲು ಹಚ್ಚೀವಿ. ಅವತ್ತು ನಾನು ಹೊಲಕ್ಕ ಬುತ್ತಿ ಒಯ್ಯಾಕತ್ತಿದ್ದೆ."

ಮಗನಿಗೆ ಹೆಣ್ಣು ನೋಡಿದ್ದರಂತೆ. ಮಾತು ಮುಗಿಯುವ ಹಂತದಲ್ಲಿತ್ತು. ಹೆಣ್ಣಿನ ಕಡೆಯವರ ಊರಿಗೆ ಆ ಪೇಪರ್ ಹೋಯಿತು. ಯಾರೋ ಫೋಟೋ ತೋರಿಸಿ, 'ನೋಡ್ರಿ, ನೀರಾವರಿ ಭೂಮಿ ಐತಿ ಅಂದ್ರು, ಇವರು ಗುಳೆ ಹೋಗೋ ಮಂದಿ' ಅಂದರು. ಅವರು ಮುಂದಕ್ಕೆ ಹಾಕಿದರು. ಆಮೇಲೆ ಫೋನೇ ಎತ್ತಲಿಲ್ಲ.

ಗುಳೆ ಹೋಗುವುದು ಅವಮಾನ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಪ್ಪನೂ ಹೋಗಿದ್ದ. ಆದರೆ ಹೋಗದವಳನ್ನು ಹೋದಳು ಅನ್ನುವ ಹಕ್ಕು ಯಾರು ಕೊಟ್ಟರು? ತಿದ್ದುಪಡಿ ಹಾಕಿಸಲು ನಾಲ್ಕು ಸಲ ಫೋನ್ ಮಾಡಿದೆ. 'ಸಂಗ್ರಹ ಚಿತ್ರ ಅಂತ ಹಾಕಿದೀವಲ್ಲ ಮಾರಾಯಾ, ಇನ್ನೇನು?' ಅಂದರು. ಆ ಎರಡು ಪದ ನಮ್ಮ ಕಸುಬಿನಲ್ಲಿ ಎಲ್ಲ ತಪ್ಪಿಗೂ ಮುಲಾಮು.

ಹಾಗಾಗಿ, ಕಾರಿನಲ್ಲಿ ಬಂದವರಿಗೆ ನಾನು ಬೈದರೆ ಅದರಲ್ಲಿ ಅರ್ಧ ನನಗೆ ಸೇರಿದ್ದು ಅಂತ ತಿಳಿದು ಓದಿ.

ಕೌಲ್ ಬಜಾರಿನ ಒಂದು ಮಾತು ಕೇಳಿ. ಬಳ್ಳಾರಿ ಜೀನ್ಸ್ ಅಂದರೆ ನಿಮಗೆ ಗೊತ್ತು. ದೊಡ್ಡ ಕಾರ್ಖಾನೆಗಿಂತ ಮನೆಮನೆಯ ಕೆಲಸ ಅದು. ಕತ್ತರಿಸಿದ ಬಟ್ಟೆ ಒಂದು ಕಡೆಯಿಂದ ಬರುತ್ತದೆ, ಹೊಲಿಗೆ ಒಂದು ಮನೆಯಲ್ಲಿ, ಗುಂಡಿ-ಕಾಜಾ ಇನ್ನೊಂದು ಮನೆಯಲ್ಲಿ, ಆಮೇಲೆ ವಾಷಿಂಗ್. 2023ರ ಚುನಾವಣೆಯಲ್ಲಿ 5,000 ಕೋಟಿಯ ಜೀನ್ಸ್ ಪಾರ್ಕ್ ಅಂತ ರಾಹುಲ್ ಗಾಂಧಿ ಭಾಷಣ ಮಾಡಿದ ಮೇಲಂತೂ ಆ ಗಲ್ಲಿಗಳಿಗೆ ಕ್ಯಾಮೆರಾ ಹೆಚ್ಚಾಯಿತು. ಅಲ್ಲಿ ನನಗೆ ಪರಿಚಯದ ಟೇಲರ್ ಒಬ್ಬರಿದ್ದಾರೆ. ಅವರ ಫೋಟೋ ಒಬ್ಬ ಪ್ರವಾಸಿ ತೆಗೆದ. ಕತ್ತಲೆ ಕೋಣೆ, ಒಂದೇ ಬಲ್ಬು, ಸುತ್ತ ನೀಲಿ ಬಟ್ಟೆ ರಾಶಿ, ನಡುವೆ ಬಗ್ಗಿದ ಬೆನ್ನು. ನಿಜ ಹೇಳುತ್ತೇನೆ, ಫೋಟೋ ಚೆನ್ನಾಗಿದೆ. ಕೆಳಗೆ ಇಂಗ್ಲಿಷಿನಲ್ಲಿ ಏನು ಬರೆದಿದ್ದ ಗೊತ್ತೇ? ಈ ಕಾಲದ ಗುಲಾಮ ಅನ್ನುವ ಅರ್ಥದ ಮಾತು. ಅವರ ಮಗಳು ಕಾಲೇಜಿಗೆ ಹೋಗುತ್ತಾಳೆ, ಅವಳ ಫೋನಿಗೆ ಅದು ತಿರುಗಿ ಬಂತು. ಓದಿ ಅಪ್ಪನಿಗೆ ಹೇಳಿದಳು.

"ನಾ ಗುಲಾಮ ಅಲ್ಲಣ್ಣಾ. ಮೂರು ಮಿಷಿನ್ ಮಾಲೀಕ. ಸಾಲ ಐತಿ, ಖರೇ. ಮಾಲೀಕರಿಗೆ ಸಾಲ ಇರೋದಿಲ್ಲೇನು?" ಅಂದು ಅವರು ನಕ್ಕರು. ಮಗಳು ನಗಲಿಲ್ಲ.

ಕರೆಂಟ್ ಹೋಗಿತ್ತಂತೆ ಆಗ. ಇನ್ವರ್ಟರ್ ಬಲ್ಬು ಒಂದೇ ಉರಿಯುತ್ತಿತ್ತು. ಅರ್ಧ ಗಂಟೆ ಬಿಟ್ಟು ಬಂದಿದ್ದರೆ ಟ್ಯೂಬ್‌ಲೈಟ್ ಇರುತ್ತಿತ್ತು, ಗುಲಾಮ ಇರುತ್ತಿರಲಿಲ್ಲ. ನಮ್ಮ ಜೀನ್ಸ್ ಕಸುಬಿನಲ್ಲಿ ಬರೆಯಬೇಕಾದ ಕಷ್ಟ ಇಲ್ಲವೇ? ಬೇಕಾದಷ್ಟಿದೆ. ಪೀಸಿಗೆ ಸಿಗುವ ಕೂಲಿ ಎಷ್ಟು, ಕರೆಂಟ್ ಬಿಲ್ ಎಷ್ಟು, ವಾಷಿಂಗ್ ನೀರು ಎಲ್ಲಿಗೆ ಹೋಗುತ್ತದೆ, ಇದೆಲ್ಲ ಕೇಳಬೇಕು. ಕೇಳಿದ್ದರೆ ಅವರೇ ಒಂದು ತಾಸು ಹೇಳುತ್ತಿದ್ದರು, ಚಹಾನೂ ಕುಡಿಸುತ್ತಿದ್ದರು. ಕೇಳದೆ, ಮೊದಲೇ ತಲೆಯಲ್ಲಿ ಇಟ್ಟುಕೊಂಡು ಬಂದ ಬಡತನಕ್ಕೆ ಒಂದು ಮುಖ ಹುಡುಕಿದರೆ ಹೀಗೇ ಆಗುವುದು.

ಇದು ಇವತ್ತಿನ ರೋಗವಲ್ಲ. ನಮ್ಮ ಅಜ್ಜನ ಅಜ್ಜಂದಿರ ಕಾಲದ್ದು. 1876ರಿಂದ 78ರ ತನಕ ಬಿದ್ದ ಬರ ನಿಮಗೆ ಕೇಳಿ ಗೊತ್ತಿರಬಹುದು. ಆ ಸಂವತ್ಸರಗಳ ಹೆಸರು ಧಾತು, ಈಶ್ವರ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆ ಪ್ರಾಂತ್ಯದಲ್ಲಿ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ವಿಲ್ಲೊಬಿ ವ್ಯಾಲೇಸ್ ಹೂಪರ್ ಅಂತ ಬ್ರಿಟಿಷ್ ಸೈನ್ಯದ ಅಧಿಕಾರಿ, ಮದ್ರಾಸ್ ಪ್ರಾಂತ್ಯದ ಬರಪೀಡಿತರ ಫೋಟೋ ತೆಗೆದ. ಎಲುಬಿಗೆ ಚರ್ಮ ಅಂಟಿದ ಗಂಡಸರು, ಹೆಂಗಸರು, ಮಕ್ಕಳನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ತೆಗೆದದ್ದು. ಇಂದಿಗೂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಫೋಟೋ ತೆಗೆದು, ಊಟವನ್ನೂ ಕೊಡದೆ ಅವರನ್ನು ಕಳಿಸಿದ ಅಂತ ಅವನ ಮೇಲೆ ಆಗಲೇ ಟೀಕೆ ಬಂದಿತ್ತು. ಆ ಜನ ಯಾರು, ಯಾವ ಊರು, ಬದುಕಿದರೋ ಸತ್ತರೋ, ಫೋಟೋದ ಜೊತೆ ಒಂದಕ್ಷರ ಇಲ್ಲ. ತೆಗೆದವನ ಹೆಸರು ಮಾತ್ರ ನೂರೈವತ್ತು ವರ್ಷ ಉಳಿದಿದೆ.

ಅಮೆರಿಕದಲ್ಲೂ ಇಂಥದ್ದೇ ಕಥೆ ಇದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಹತ್ತಿರ, ಕೂಲಿಕಾರರ ಡೇರೆಯಲ್ಲಿ, ಡೊರೊಥಿಯಾ ಲ್ಯಾಂಗ್ ಅನ್ನುವ ಫೋಟೋಗ್ರಾಫರ್ ಒಬ್ಬ ತಾಯಿಯ ಫೋಟೋ ತೆಗೆದಳು. ಗಲ್ಲಕ್ಕೆ ಕೈ, ಎರಡೂ ಹೆಗಲ ಮೇಲೆ ಮಕ್ಕಳು. ಜಗತ್ತಿನ ಅತಿ ಹೆಸರಾದ ಫೋಟೋಗಳಲ್ಲಿ ಅದೂ ಒಂದು. ಲ್ಯಾಂಗ್ ಆ ತಾಯಿಯ ಹೆಸರು ಕೇಳಲಿಲ್ಲ. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ, ನಲವತ್ತೆರಡು ವರ್ಷ ಆದ ಮೇಲೆ. ನನ್ನ ಫೋಟೋ ಯಾಕಾದರೂ ತೆಗೆದಳೋ, ನನಗೆ ಅದರಿಂದ ಒಂದು ಕಾಸೂ ಬರಲಿಲ್ಲ ಅನ್ನುವ ಅರ್ಥದಲ್ಲಿ ಆಕೆ ಮಾತಾಡಿದಳು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಲ್ಯಾಂಗ್ ಸರ್ಕಾರದ ಕೆಲಸಕ್ಕೆ ತೆಗೆದ ಫೋಟೋ ಅದು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸರ್ಕಾರ ಆ ಡೇರೆಗೆ ಸುಮಾರು 9 ಟನ್ ಆಹಾರ ಕಳಿಸಿತು. ಆದರೆ ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಕಡೆ ಹೋಗಿಯಾಗಿತ್ತು.

ಆಫ್ಘನ್ ಹುಡುಗಿಯ ಹಸಿರು ಕಣ್ಣಿನ ಫೋಟೋ ನೋಡಿಲ್ಲದವರಿಲ್ಲ. 1985ರಲ್ಲಿ ಒಂದು ದೊಡ್ಡ ಪತ್ರಿಕೆಯ ಮುಖಪುಟದಲ್ಲಿ ಬಂತು. ಶರ್ಬತ್ ಗುಲಾ ಅನ್ನುವ ಅವಳ ಹೆಸರು ಹೊರಬಂದದ್ದು 2002ರಲ್ಲಿ.

ಇಷ್ಟು ಹೇಳಿದರೆ ಫೋಟೋಗ್ರಾಫರ್ ಗೆಳೆಯರು ಎರಡು ಮಾತು ಎತ್ತುತ್ತಾರೆ. ಒಂದು, ಕಾನೂನು. ಬೀದಿಯಲ್ಲಿ ಫೋಟೋ ತೆಗೆಯಬಾರದು ಅಂತ ಯಾವ ಕಾನೂನಿದೆ? ಇಲ್ಲ, ಒಪ್ಪಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪನ್ನು ಮೆಣಸಿನಕಾಯಿ ಕಣದ ತನಕ ಎಳೆದು ತರುವ ವಕೀಲಿಕೆ ನನಗೆ ಬೇಡ. ಕಾನೂನು ಬೇಡ ಅನ್ನದ್ದೆಲ್ಲ ಮಾಡುತ್ತೇವೆಯೇ ನಾವು? ತೆರೆದ ಬಾಗಿಲಿನ ಮನೆ ಮುಂದೆ ನಿಂತು ಊಟ ಮಾಡುವವರನ್ನು ಕಣ್ಣು ಪಿಳುಕಿಸದೆ ನೋಡುತ್ತಾ ನಿಂತರೆ ಯಾವ ಪೊಲೀಸೂ ಹಿಡಿಯುವುದಿಲ್ಲ. ಆದರೂ ನಿಲ್ಲುವುದಿಲ್ಲ.

ಎರಡನೆಯದು, ಕೇಳಿದರೆ ಸಹಜತೆ ಹೋಗುತ್ತದೆ ಅನ್ನುವುದು. ಕೇಳಿದ ಕೂಡಲೇ ಜನ ಸೆರಗು ಸರಿಮಾಡಿಕೊಳ್ಳುತ್ತಾರೆ, ಕೂದಲು ಒತ್ತಿಕೊಳ್ಳುತ್ತಾರೆ, ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ. ಇದು ನಿಜ. ಆದರೆ ಸೆರಗು ಸರಿಮಾಡಿಕೊಳ್ಳುವುದು ಯಾಕೆ ಸಹಜ ಅಲ್ಲ? ಬೆಂಗಳೂರಿನವರು ಸೆಲ್ಫಿಗೆ ಮೊದಲು ಹತ್ತು ಸಲ ಕೂದಲು ನೋಡಿಕೊಳ್ಳುತ್ತಾರೆ. ನಮ್ಮ ಹೆಣ್ಣುಮಕ್ಕಳು ಒಂದು ಸಲ ಮುಖದ ಬೆವರು ಒರೆಸಿಕೊಂಡರೆ ಫೋಟೋ ಕೆಟ್ಟಿತೇ? ತಾನು ಹೇಗೆ ಕಾಣಬೇಕು ಅನ್ನುವ ಆಸೆ ದುಡ್ಡಿದ್ದವರಿಗೆ ಮಾತ್ರ ಅಂತ ಯಾರು ಬರೆದಿಟ್ಟರು? ಬೇಕಿದ್ದರೆ ಮೊದಲು ತೆಗೆಯಿರಿ, ಆಮೇಲೆ ಹತ್ತಿರ ಹೋಗಿ ಸ್ಕ್ರೀನ್ ತೋರಿಸಿ ಕೇಳಿ. ಬೇಡ ಅಂದರೆ ಅವರ ಕಣ್ಣೆದುರೇ ಅಳಿಸಿ. ಇದಕ್ಕೆ ಎರಡು ನಿಮಿಷ ಸಾಕು. ಮೈಸೂರಿನ ಟಿ.ಎಸ್. ಸತ್ಯನ್ ದೇಶವೆಲ್ಲ ಅಲೆದು ಸಾಮಾನ್ಯ ಜನರ, ಮಕ್ಕಳ ಫೋಟೋ ತೆಗೆದವರು. 1979ರಲ್ಲಿ, ಮಕ್ಕಳ ವರ್ಷದಲ್ಲಿ, ಅವರ ಫೋಟೋಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ನಡೆಯಿತು. ಆ ಮಕ್ಕಳನ್ನು ನೋಡಿ, ಒಬ್ಬರೂ ಪಾಪ ಅನ್ನಿಸಿಕೊಳ್ಳಲು ನಿಂತಂತೆ ಕಾಣುವುದಿಲ್ಲ.

ಹಾಗಂತ ಎಲ್ಲದಕ್ಕೂ ಒಪ್ಪಿಗೆ ಬೇಕು ಅಂತ ನಾನು ಹೇಳಿದರೆ ನನ್ನ ಕಸುಬಿಗೇ ಕಲ್ಲು ಹಾಕಿದಂತೆ. ಜಾತ್ರೆಯ ಜನಸಾಗರಕ್ಕೆ ಯಾರನ್ನು ಕೇಳುವುದು? ಎಪಿಎಂಸಿಯಲ್ಲಿ ತೂಕದಲ್ಲಿ ಮೋಸ ಮಾಡುವವನನ್ನು, ಲಂಚದ ಕವರ್ ತೆಗೆದುಕೊಳ್ಳುವ ಕೈಯನ್ನು, ರಸ್ತೆ ಗುಂಡಿಗೆ ಮಣ್ಣು ಮುಚ್ಚಿ ಬಿಲ್ ಎತ್ತಿದವನನ್ನು 'ಸಾರ್, ಒಂದು ಫೋಟೋ ತೆಗೀಲಾ?' ಅಂತ ಕೇಳಬೇಕೇ? ಗಣಿ ಕಾಲ ನೆನಪಿದೆಯಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸುವ ತನಕ ಅದಿರು ಲಾರಿಗಳ ಸಾಲು, ಧೂಳು ಹಿಡಿದು ಕೆಂಪಾದ ಬೆಳೆ, ಬೋಳಾದ ಗುಡ್ಡ, ಎಲ್ಲವನ್ನೂ ಕ್ಯಾಮೆರಾಗಳು ಹಿಡಿದವು. ಆ ಫೋಟೋಗಳು ಇಲ್ಲದಿದ್ದರೆ ದೂರದೂರಿನವರು ನಮ್ಮ ಬಾಯಿಮಾತು ನಂಬುತ್ತಿದ್ದರೇ? ಅಂಥ ಕಡೆ ಕ್ಯಾಮೆರಾಗೆ ಅಡ್ಡ ಕೈ ಇಡುವವರನ್ನು ನಾನು ಇವತ್ತೂ ನಂಬುವುದಿಲ್ಲ.

ಅಧಿಕಾರ ಇದ್ದವನ ಮುಖಕ್ಕೂ ಮೆಣಸಿನಕಾಯಿ ಆರಿಸುವವಳ ಮುಖಕ್ಕೂ ವ್ಯತ್ಯಾಸ ಇದೆ. ನಡೆಯುತ್ತಿರುವುದು ಏನೆಂದರೆ, ದೊಡ್ಡವನ ಮುಂದೆ ನಾವು ಕೇಳುತ್ತೇವೆ, ಸಣ್ಣವರ ಮುಂದೆ ಕೇಳುವುದಿಲ್ಲ. ಎಂಎಲ್ಎ ಸಾಹೇಬರ ಫೋಟೋಗೆ 'ಅಣ್ಣಾ, ಸ್ವಲ್ಪ ಈ ಕಡೆ' ಅಂತ ಬೇಡಿಕೊಂಡು, ಅವರ ಪಕ್ಕ ನಿಂತ ಹದಿನೈದು ಜನರ ಹೆಸರನ್ನು ತಪ್ಪಿಲ್ಲದೆ ಬರೆಯುತ್ತೇವೆ. ಒಂದು ಹೆಸರು ಬಿಟ್ಟರೂ ಮರುದಿನ ಬೈಗುಳ. ಅದೇ ನಾಟಿ ಮಾಡುವ ಹತ್ತು ಜನರ ಫೋಟೋ ಆದರೆ 'ಭತ್ತ ನಾಟಿಯಲ್ಲಿ ತೊಡಗಿರುವ ಮಹಿಳೆಯರು'. ಮುಗಿಯಿತು. ನಾನು ಹನ್ನೊಂದು ವರ್ಷದಿಂದ ಇದೇ ಸಾಲು ಬರೆದಿದ್ದೇನೆ. ಲೆಕ್ಕ ಇಟ್ಟಿಲ್ಲ.

ಇನ್ನು ನಮ್ಮ ಹುಡುಗರಿಗೂ ಒಂದು ಮಾತು. ಹೊರಗಿನವರ ಮೇಲೆ ಬೈದದ್ದು ಓದಿ ಖುಷಿಪಡಬೇಡಿ. ತೇರಿನ ದಿನ ಬಳೆ ಅಂಗಡಿ ಮುಂದೆ ನಿಂತ ಹುಡುಗಿಯರನ್ನು ದೂರದಿಂದ ಜೂಮ್ ಮಾಡಿ, ಹಾಡು ಹಾಕಿ ರೀಲ್ಸ್ ಬಿಡುವವರು ಬೆಂಗಳೂರಿಂದ ಬಂದವರಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರು ಮೆಟ್ರೋದಲ್ಲಿ ಹೆಣ್ಣುಮಕ್ಕಳ ವಿಡಿಯೋ ಅವರಿಗೆ ಗೊತ್ತಿಲ್ಲದಂತೆ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದವನನ್ನು ಪೊಲೀಸರು ಹಿಡಿದರು. ಅಲ್ಲಿ ಒಬ್ಬಳು ದೂರಬಹುದು, ಊರು ದೊಡ್ಡದು. ನಮ್ಮ ಊರಲ್ಲಿ ರೀಲ್ಸ್‌ನಲ್ಲಿ ಕಂಡ ಹುಡುಗಿಯ ಕಥೆ ಬೇರೆ. ಮನೆಯವರು ಹುಡುಗನನ್ನು ಬೈಯುವುದಿಲ್ಲ, ಅವಳ ಕಾಲೇಜು ಬಿಡಿಸುತ್ತಾರೆ. ಅಂಥದ್ದನ್ನು ನಾನು ಒಂದಲ್ಲ, ಎರಡು ನೋಡಿದ್ದೇನೆ.

ಒಳ್ಳೆಯದನ್ನೂ ನೋಡಿದ್ದೇನೆ, ಹೇಳದಿದ್ದರೆ ತಪ್ಪಾಗುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿ ಹತ್ತಿರ ಕಾಯಿ-ಕರ್ಪೂರ ಮಾರುವ ಒಬ್ಬ ತಾತ ಇದ್ದರು. ಮೈಸೂರು ಕಡೆಯ ಹುಡುಗಿಯೊಬ್ಬಳು ಗುಡಿ ನೋಡಲು ಬಂದವಳು ಅವರ ಪಕ್ಕ ಕೂತು, ಅರ್ಧ ಗಂಟೆ ಮಾತಾಡಿ, ಕೇಳಿ ಫೋಟೋ ತೆಗೆದಳು. ತಾತ ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಂಡು ಕೂತರು. ಅಡ್ರೆಸ್ ಬರೆದುಕೊಂಡು ಹೋದಳು. ಎಲ್ಲರೂ ಬರೆದುಕೊಳ್ಳುತ್ತಾರೆ, ಬಿಡಿ. ಆದರೆ ಮೂರು ವಾರಕ್ಕೆ ಪೋಸ್ಟಿನಲ್ಲಿ ಎರಡು ಪ್ರಿಂಟ್ ಬಂದವು. ತಾತ ಅದನ್ನು ಅಂಗಡಿ ಡಬ್ಬಿ ಮೇಲೆ ಅಂಟಿಸಿಕೊಂಡು, ಬಂದವರಿಗೆಲ್ಲ ತೋರಿಸುತ್ತಿದ್ದರು.

ಮರುವರ್ಷ ತಾತ ತೀರಿಕೊಂಡರು. ನಮ್ಮ ಹಳ್ಳಿಗಳಲ್ಲಿ ಸತ್ತವರ ಫೋಟೋ ಎಲ್ಲಿಂದ ಬರುತ್ತದೆ ನಿಮಗೆ ಗೊತ್ತು. ಆಧಾರ್ ಕಾರ್ಡಿನಿಂದ ಕತ್ತರಿಸಿ, ಸ್ಟುಡಿಯೋದವನು ದೊಡ್ಡದು ಮಾಡಿ, ಕೋಟು ಹಚ್ಚಿ ಕೊಡುತ್ತಾನೆ. ಬದುಕಿಡೀ ಕೋಟು ಹಾಕದವರು ಗೋಡೆ ಮೇಲೆ ಕೋಟು ಹಾಕಿಕೊಂಡು ಬೆದರಿದ ಕಣ್ಣಲ್ಲಿ ನೋಡುತ್ತಿರುತ್ತಾರೆ. ಈ ತಾತನ ಗೋಡೆ ಮೇಲೆ ಮಾತ್ರ ಅವರದೇ ರುಮಾಲು, ಅವರದೇ ನಗು ಇದೆ. ಪ್ರಿಂಟಿಗೆ ಹತ್ತೋ ಹದಿನೈದೋ ರೂಪಾಯಿ, ಮೇಲೆ ಅಂಚೆ ಖರ್ಚು. ವಾಟ್ಸಾಪ್ ಆದರೆ ಅದೂ ಇಲ್ಲ, ಮನೆಯಲ್ಲಿ ಯಾರದಾದರೂ ಒಂದು ನಂಬರ್ ಇದ್ದೇ ಇರುತ್ತದೆ. ಲಕ್ಷ ರೂಪಾಯಿ ಕ್ಯಾಮೆರಾ ತೂಗಿಕೊಂಡು ಬರುವವರಿಗೆ ಇದು ಭಾರವೇ?

ಊರಲ್ಲಿರುವ ನಿಮಗೂ ಒಂದು ಮಾತಿದೆ. ಯಾರಾದರೂ ಕ್ಯಾಮೆರಾ ಎತ್ತಿದರೆ ನಕ್ಕು ಸುಮ್ಮನಾಗಬೇಡಿ, ಕಲ್ಲನ್ನೂ ಎತ್ತಬೇಡಿ. ಯಾವ ಊರು, ಎಲ್ಲಿ ಹಾಕ್ತೀರಿ, ನನ್ನ ಹೆಸರು ಬರೀತೀರಾ, ನನಗೆ ಕಳಿಸ್ತೀರಾ ಅಂತ ಕೇಳಿ. ಬೇಡ ಅನಿಸಿದರೆ ಬೇಡ ಅನ್ನಿ. ನಾನು ಬಂದರೂ ಹಾಗೇ ಕೇಳಿ. ಪೇಪರ್‌ನವನು ಅಂತ ಬಿಡಬೇಡಿ.

ಸಿರುಗುಪ್ಪದ ಅಮ್ಮನ ಮನೆಗೆ ಆಮೇಲೆ ಹೋದೆ. ಆ ಹಳೇ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಒಯ್ದಿದ್ದೆ. ತಪ್ಪಾಯಿತಮ್ಮಾ ಅಂದೆ. ಮಗ ಒಳಗಿನಿಂದ ಹೊರಗೆ ಬರಲಿಲ್ಲ. ಅವಳು ಫ್ರೇಮ್ ಕೈಯಲ್ಲಿ ಹಿಡಿದು ನೋಡಿ, ತಿರುಗಿಸಿ ಗೋಡೆಗೆ ಒರಗಿಸಿಟ್ಟಳು.

"ಇದು ಬ್ಯಾಡ. ಇದರಾಗ ಹೊಲಾನೇ ಕಾಣಂಗಿಲ್ಲ. ಸುಗ್ಗಿಗೆ ಬಾ, ನೆಲ್ಲು ತೆನಿ ತುಂಬಿರತೈತಿ. ನಡುವು ನಿಂದ್ರತೀನಿ, ಆವಾಗ ತೆಗಿ. ಎಕರೆ ಎಷ್ಟು ಅಂತ ಬರಿ."

ಸುಗ್ಗಿಗೆ ಹೋದೆ. ಹಸಿರು ಸೀರೆ ಉಟ್ಟು ಗದ್ದೆ ನಡುವೆ ನಿಂತಿದ್ದಳು. ಹೆಸರು, ಎಕರೆ, ತಳಿ ಎಲ್ಲ ಬರೆದು ಕಳಿಸಿದೆ. ಸುದ್ದಿ ಏನಿದೆ ಇದರಲ್ಲಿ ಅಂತ ಡೆಸ್ಕಿನವರು ಹಾಕಲಿಲ್ಲ. ಪ್ರಿಂಟ್ ಅವಳ ಮನೆಯ ಬಾಗಿಲ ಎದುರು ಗೋಡೆಗಿದೆ, ಹೊರಗಿನಿಂದ ಬಂದವರಿಗೆ ಮೊದಲು ಕಾಣುವ ಕಡೆ. ಮಗನಿಗೆ ಇನ್ನೂ ಹೆಣ್ಣು ನೋಡುತ್ತಿದ್ದಾರೆ.